ಮೂರನೆಯ ಕೂಗು

ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯ ಶಿವರುದ್ರಮ್ಮ ನನ್ನ ವಾರಿಗೆಯವಳು. ಅವಳಿಗೆ ಕಿವಿ ಮಂದ ಎಂದೇ ಬೀದಿಯವರೆಲ್ಲ ನಂಬಿದ್ದರು. ಮೊಮ್ಮಗಳು ಭೂಮಿಕಾ ಸ್ಕೂಲ್ ವ್ಯಾನಿನಿಂದ ಇಳಿದು ಗೇಟಿನಲ್ಲಿ ನಿಂತು "ಅವ್ವಾ" ಎಂದು ಕೂಗಿದರೆ, ಈಕೆ ಬೆನ್ನು ತಿರುಗಿಸಿಕೊಂಡು ರಾಗಿ ಕೇರುತ್ತಲೇ ಇರುತ್ತಿದ್ದಳು. ಮೂರನೆಯ ಕೂಗಿಗೆ ಎದ್ದರೆ ಪುಣ್ಯ. ಮಗುವಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಜ್ಜಿಗೆ ತಕ್ಕ ಮೊಮ್ಮಗಳು ಎಂದು ನಾವೆಲ್ಲ ನಗುತ್ತಿದ್ದೆವು.

ಭೂಮಿಕಾ ಅವಳನ್ನು ಅವ್ವ ಅನ್ನುವುದಕ್ಕೆ ಕಾರಣವಿದೆ. ಹೆತ್ತ ತಾಯಿ ಸರ್ವಮಂಗಳ ಡೆಂಗ್ಯೂ ಬಂದು ತೀರಿಕೊಂಡಾಗ ಕೂಸಿಗೆ ಇನ್ನೂ ಮಾತು ಬಂದಿರಲಿಲ್ಲ. ಮಗಳ ಕೂಸನ್ನು ಸಾಕಲೆಂದೇ ಶಿವರುದ್ರಮ್ಮ ಕುಣಿಗಲ್ಲಿನ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದವಳು.

ಮಗುವಿನ ತೊಂದರೆ ಮೂಗಿನದು. ಸದಾ ಬಾಯಲ್ಲೇ ಉಸಿರಾಟ, ಮಲಗಿದರೆ ಗೊರಕೆ, ಮಾತೆಲ್ಲ ನೆಗಡಿ ಹಿಡಿದಂತೆ. ಬಿದರೆಹಳ್ಳಿ ಕಾವಲಿನ ಫ್ಯಾಕ್ಟರಿಯಲ್ಲಿರುವ ಅಳಿಯ ಸಂಗಮೇಶ್ ಇಬ್ಬರನ್ನೂ ತುಮಕೂರಿಗೆ ಕರೆದೊಯ್ದ. ಮೂಗಿನ ಹಿಂದೆ ಅಡಿನಾಯ್ಡ್ ಬೆಳೆದು ದಾರಿ ಮುಚ್ಚಿದೆ, ಅದರಿಂದಲೇ ಕಿವಿಯೂ ಮಂದ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದೆ, ತೆಗೆಸಿಬಿಡಿ ಎಂದರಂತೆ ಡಾಕ್ಟರು. ಶಿವರುದ್ರಮ್ಮ ಕೇಳಿದ್ದು ಒಂದೇ ಪ್ರಶ್ನೆ: ದನಿ ಬದಲಾಗುತ್ತದೆಯೇ? ಕಟ್ಟಿದ್ದು ಬಿಟ್ಟು ಚೆನ್ನಾಗುತ್ತದೆ ಅಂದರು ಅವರು, ಸಂತೋಷದ ಸುದ್ದಿ ಎಂಬಂತೆ.

ಅಂದಿನಿಂದ ಈಕೆಯದು ದಿನಕ್ಕೊಂದು ನೆಪ. ಶ್ರಾವಣ ಕಳೆಯಲಿ, ಪರೀಕ್ಷೆ ಮುಗಿಯಲಿ, ದೊಡ್ಡವಳಾದರೆ ತಾನೇ ಕರಗುತ್ತದೆ, ಇವಳ ತಾಯಿ ಮಂಗಳಾಗೆ ಕರಗಲಿಲ್ಲವೇ?

ಒಂದು ಮಧ್ಯಾಹ್ನ ಜಗಲಿಯ ಮೇಲೆ ಮಲಗಿದ್ದ ಹುಡುಗಿ ಉಸಿರು ಸಿಕ್ಕಿಕೊಂಡು ಒದ್ದಾಡಿ ಎದ್ದು ಕುಳಿತಳು. ನನಗೆ ರೇಗಿಹೋಯಿತು. ನೀನೇನು ಅಜ್ಜಿಯೋ ಶನಿಯೋ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ತಡೆದು ತಡೆದು ಹೇಳಿದಳು.

"ನನ್ ಕಿವಿ ಚೆನ್ನಾಗೇ ಐತೆ ಕಣೇ. ಇವ್ಳು ಗೇಟಲ್ಲಿ ಕೂಗಿದ್ರೆ, ಥೇಟು ನಮ್ ಮಂಗಳಾ ಇಸ್ಕೂಲಿಂದ ಬಂದು ಕೂಗ್ದಂಗೇ ಇರ್ತದೆ. ಅದೇ ಕಟ್ಟಿದ ಮೂಗಿನ ದನಿ. ತಿರುಗಿದ್ರೆ ಇವ್ಳು ಕಾಣ್ತಾಳೆ. ಅದ್ಕೇ, ಇನ್ನೊಂದ್ ಸಲ ಕೂಗ್ಲಿ ಅಂತ ಸುಮ್ನಿರ್ತೀನಿ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಆದರೂ ಹೇಳಬೇಕಾದ್ದನ್ನು ಹೇಳಿದೆ. "ಹೋದೋಳ ದನಿಗೋಸ್ಕರ ಇರೋಳ ಉಸಿರು ಕಟ್ಟಿಸ್ತೀಯಾ?"

ಮರುದಿನ ಅವಳು ತಾನೇ ಅಳಿಯನಿಗೆ ಹೇಳಿ ಆಪರೇಷನ್ನಿಗೆ ದಿನ ಗೊತ್ತುಮಾಡಿಸಿದಳು. ಆಸ್ಪತ್ರೆಗೆ ನಾನೂ ಹೋಗಿದ್ದೆ. ಥಿಯೇಟರಿನ ಬಾಗಿಲಲ್ಲಿ ಅವಳು ಮಗುವಿನ ಹಣೆಗೆ ವಿಭೂತಿ ಹಚ್ಚಿ, ಒಂದು ಸಲ ಅವ್ವಾ ಅನ್ನು ಎಂದಳು. ಹುಡುಗಿ ಅಂದಳು. ಶಿವರುದ್ರಮ್ಮ ಗೋಡೆಯ ಕಡೆ ತಿರುಗಿ ನಿಂತು, ಇನ್ನೊಂದು ಸಲ ಅನ್ನಿಸಿಕೊಂಡಳು.

ಈಗ ಭೂಮಿಕಾ ಬಾಯಿ ಮುಚ್ಚಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಕಿವಿ ಚುರುಕಾಗಿದೆ, ದನಿ ತಿಳಿಯಾಗಿದೆ. ಸಂಜೆ ಗೇಟಿನಲ್ಲಿ ಅವಳು ಒಮ್ಮೆ ಕೂಗಿದರೆ ಸಾಕು, ಶಿವರುದ್ರಮ್ಮ ಮೊರ ಬಿಟ್ಟು ಎದ್ದು ಬರುತ್ತಾಳೆ. ಆಪರೇಷನ್ ಆದದ್ದು ಮೊಮ್ಮಗಳಿಗೆ, ಕಿವಿ ಬಂದದ್ದು ಅಜ್ಜಿಗೆ ಎಂದು ಬೀದಿಯವರು ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ. ಅವಳು ಮೊದಲ ಕೂಗಿಗೇ ಎದ್ದಾಗಲೆಲ್ಲ ಆ ಕಟ್ಟಿದ ಮೂಗಿನ ದನಿ ನೆನಪಾಗುತ್ತದೆ.