ರೂತಕ್ಕನ ಖಾಲಿ ಚೀಟಿ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು ನಿಜ, ಆದರೆ ಅದ್ಭುತ ನಡೆಯಿತು ಅಂತ ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಒಳಗೊಳಗೇ ಅನುಮಾನ. ಸ್ಕೂಲ್ ಟೀಚರ್ ಬುದ್ಧಿ, ಏನು ಮಾಡೋದು. ನಡೆದದ್ದನ್ನಷ್ಟೇ ಹೇಳುತ್ತೇನೆ. ನಂಬೋದು ಬಿಡೋದು ನಿಮಗೆ ಸೇರಿದ್ದು.

ಮಾಗಡಿಯಲ್ಲಿ ನಮ್ಮ ಸಭೆಯ ಹೆಂಗಸರು ಹತ್ತು ಹನ್ನೆರಡು ಜನ ಬುಧವಾರ ಮಧ್ಯಾಹ್ನ ಪ್ರಾರ್ಥನೆಗೆ ಸೇರುತ್ತಿದ್ದೆವು. ಕಾಯಿಲೆಯವರ, ಕಷ್ಟದಲ್ಲಿರುವವರ ಹೆಸರನ್ನು ನಾನು ಚೀಟಿಗಳಲ್ಲಿ ಬರೆದು, ಮಡಚಿ ಮೊರಕ್ಕೆ ಹಾಕುತ್ತಿದ್ದೆ. ಯಾವ ಜಾತಿ, ಯಾವ ಧರ್ಮ ಅಂತ ನೋಡುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಿ, ಆ ಹೆಸರು ಹೇಳಿ ಪ್ರಾರ್ಥಿಸಿ, ಹೊತ್ತು ಮುಳುಗುವ ಮುಂಚೆ ಅವರನ್ನು ನೋಡಿ ಬರಬೇಕು. ರೂತಕ್ಕನಿಗೆ ಓದು ಬಾರದು. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ಸವೆದ ಜೀವ. ಅವಳ ಚೀಟಿ ಓದಿ ಕಿವಿಯಲ್ಲಿ ಹೆಸರು ಹೇಳುವುದು ನನ್ನ ಕೆಲಸ. ವರ್ಷಗಟ್ಟಲೆ ಒಂದೇ ಚಾಪೆಯಲ್ಲಿ ಕೂತವರು ನಾವು. ಅವಳೆಂದರೆ ನನಗೆ ಪ್ರಾಣ. ಜಗಳವೂ ಅವಳ ಜೊತೆಗೇ.

ಆ ಬುಧವಾರ ಅವಳು ಎತ್ತಿಕೊಟ್ಟ ಚೀಟಿ ಬಿಡಿಸಿದರೆ ಖಾಲಿ. ಬರೆಯದ ತುಂಡೊಂದನ್ನೂ ನಾನೇ ಮಡಚಿ ಹಾಕಿಬಿಟ್ಟಿದ್ದೆ. ಬೇರೆ ಕೊಡೋಣ ಅಂತ ಮೊರದ ಕಡೆ ಕೈ ಚಾಚಿದೆ. ಅಷ್ಟರಲ್ಲಿ ರೂತಕ್ಕ ಕಣ್ಣು ಮುಚ್ಚಿ ಶುರು ಮಾಡಿಯೇಬಿಟ್ಟಳು. "ತಂದೇ, ಕಲ್ಯದ ಸಿದ್ದಮ್ಮನ ಕೈ ಬಿಡಬ್ಯಾಡಪ್ಪ."

ಸಿದ್ದಮ್ಮ ಹತ್ತಿರದ ಕಲ್ಯ ಊರಿಂದ ನಮ್ಮ ಮನೆಗಳಿಗೆ ಸೊಪ್ಪು, ಅವರೆಕಾಯಿ ತರುತ್ತಿದ್ದ ಒಂಟಿ ಹೆಂಗಸು. ಹಿಂದಿನ ದಿನವಷ್ಟೇ ಗಟ್ಟಿಮುಟ್ಟಾಗಿ ಬಂದು ಹೋಗಿದ್ದಳು. ಅವಳ ಹೆಸರು ಯಾವ ಚೀಟಿಯಲ್ಲೂ ಇರಲಿಲ್ಲ.

ಹೊರಗೆ ಬಂದಮೇಲೆ, "ಸಿದ್ದಮ್ಮನ ಹೆಸರು ಯಾರು ಹೇಳಿದ್ದು?" ಅಂತ ಕೇಳಿದೆ.

"ನೀನೇ ಹೇಳ್ದಲ್ಲವ್ವ, ಕಿವೀಲಿ."

ಖಾಲಿ ಚೀಟಿ ತೋರಿಸಿದೆ. "ಅದ್ನ ನಂಗ್ಯಾಕ್ ತೋರಿಸ್ತೀಯ? ನಿನ್ ದನಿ ಗೊತ್ತಾಗಕಿಲ್ವ ನಂಗೆ? ನಡಿ ನಡಿ, ಬಸ್ ಐತೆ" ಅಂದಳು.

ಅವಳಿಗೆ ವಯಸ್ಸಾಯಿತು, ಕಿವಿ ಮಂದವಾಗಿದೆ ಅಂದುಕೊಂಡು ಗೊಣಗುತ್ತಲೇ ಜೊತೆಗೆ ಹೋದೆ. ಸಿದ್ದಮ್ಮನ ಮನೆ ಊರಾಚೆ, ಹೊಲದ ಅಂಚಿನಲ್ಲಿ. ಬಾಗಿಲು ತೆರೆದಿತ್ತು, ಕೂಗಿದರೆ ಉತ್ತರವಿಲ್ಲ. ಹಿತ್ತಲಿನ ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಮೂಳೆ ಮುರಿದುಕೊಂಡಿದ್ದಳು. ಬೆಳಗಿನಿಂದ ಕೂಗಿ ಕೂಗಿ ಅವಳ ದನಿಯೇ ಹೋಗಿತ್ತು. ರೂತಕ್ಕ ಕಾಲಿಗೆ ಹಲಗೆ ಇಟ್ಟು ಹಳೇ ಸೀರೆಯಲ್ಲಿ ಕಟ್ಟಿದಳು, ನಾನು ಓಡಿಹೋಗಿ ಟೆಂಪೋ ಕರೆತಂದೆ. ರಾತ್ರಿಯೆಲ್ಲ ಹಾಗೇ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು.

ಎರಡು ದಿನ ಕಳೆದು ಸಿದ್ದಮ್ಮನಿಗೆ ಮಾತು ಬಂತು. "ನಾನ್ ಬಿದ್ದಿರಾದ್ನ ಯಾರವ್ವ ನಿಮ್ಗೆ ಹೇಳಿದ್ದು?" ಅಂತ ಕೇಳಿದಳು. ರೂತಕ್ಕ ನನ್ನತ್ತ ಕೈ ತೋರಿಸಿದಳು. ಸಿದ್ದಮ್ಮ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು. ನಾನಲ್ಲ ಅನ್ನಬೇಕಿತ್ತು. ಅನ್ನಲಾಗಲಿಲ್ಲ.

ಅವರಿಬ್ಬರೂ ಈಗಿಲ್ಲ. ಹೆಸರು ಹೇಳಿದವಳು ನಾನೇ ಅಂತ ಇಬ್ಬರೂ ಕೊನೆಯವರೆಗೂ ನಂಬಿದ್ದರು. ನನಗೆ ಗೊತ್ತಿರುವುದು ಇಷ್ಟೇ: ಆ ಖಾಲಿ ಚೀಟಿ ಬಿಡಿಸಿದಾಗ ನಾನು ಬಾಯಿಯೇ ಬಿಟ್ಟಿರಲಿಲ್ಲ.