ನೀರುಗಂಟಿಯ ಒಣ ಅಂಗಳ

ನಮ್ಮ ತೆರಕ್‌ಸಾಯ್ ಊರಿನಲ್ಲಿ ನೀರುಗಂಟಿಗೆ, ಅಂದರೆ ಕಾಲುವೆಯ ನೀರು ಹಂಚುವವನಿಗೆ, ಯಾರೂ ಚಹಾ ಕೊಡುವುದಿಲ್ಲ. ಕೊಟ್ಟರೂ ಅವನು ಕುಡಿಯಬಾರದು. ಬೆಟ್ಟದಿಂದ ಇಳಿಯುವುದು ಒಂದೇ ಕಾಲುವೆ, ಅದಕ್ಕೆ ಬಾಯೊಡ್ಡಿ ಕೂತವು ಎಂಬತ್ತಾರು ಮನೆಗಳು. ಇವತ್ತು ಅವನು ಒಬ್ಬರ ಮನೆಯಲ್ಲಿ ಒಂದು ಬಟ್ಟಲು ಚಹಾ ಕುಡಿದರೆ ಸಾಕು, ನಾಳೆ ಆ ಮನೆಯ ಪಾಳಿಯಲ್ಲಿ ನೀರು ಹೆಚ್ಚು ಹರಿಯಿತೆಂದು ಊರೆಲ್ಲ ಗುಲ್ಲು. ಹಾಗಾಗಿ ನಮ್ಮ ನೀರುಗಂಟಿ ಹಮ್ರೊಕುಲ್ ಅಣ್ಣ ಮೂವತ್ತೊಂದು ವರ್ಷ ಮದುವೆಮನೆಗಳ ಬಾಗಿಲಲ್ಲೇ ನಿಂತು ಹರಸಿ, ಪಲಾವಿನ ತಟ್ಟೆ ಬರುವ ಮೊದಲೇ ಹೊರಟುಬಿಡುತ್ತಿದ್ದರು. ಅವರ ಮನೆಗೆ ಜನ ಹೋಗುತ್ತಿದ್ದದ್ದು ಜಗಳ ಹೊತ್ತುಕೊಂಡು ಮಾತ್ರ. ಹೆಂಡತಿ ಗುಲಂದಾಮ್ ತೀರಿಕೊಂಡು ಇಪ್ಪತ್ತು ವರ್ಷ, ಮಕ್ಕಳಿಲ್ಲ. ಅಂಥ ಒಂಟಿ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ ಇದೆ. ಊರಿನ ಅಂಗಳಗಳಲ್ಲೆಲ್ಲ ದ್ರಾಕ್ಷಿ ಚಪ್ಪರ, ಟೊಮೆಟೊ, ಕಾಮಕಸ್ತೂರಿ. ನೀರು ಹಂಚುವವರ ಅಂಗಳ ಮಾತ್ರ ಜೂನ್ ಬಂದರೆ ಹೆಂಚಿನ ಹಾಗೆ ಕಾದು ಬೋಳಾಗಿ ಬಿದ್ದಿರುತ್ತಿತ್ತು. ತನ್ನ ಪಾಳಿಯ ನೀರನ್ನೂ ಊರಿಗೇ ಬಿಡುವ ಧರ್ಮಾತ್ಮ ಎಂದರು ಕೆಲವರು. ಸೋಮಾರಿ ಎಂದರು ಉಳಿದವರು. ಏಪ್ರಿಲ್‌ನಲ್ಲಿ ಹತ್ತು ದಿನ ಅಲ್ಲಿ ನಲವತ್ತು ಕೆಂಪು ಟ್ಯೂಲಿಪ್‌ಗಳು ಅರಳುತ್ತಿದ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದೇ ಹೂವಿನಿಂದ ಬೆಟ್ಟವೇ ಕೆಂಪಾಗಿರುವಾಗ ಅಂಗಳದ್ದನ್ನು ಯಾರು ನೋಡುತ್ತಾರೆ?

ಒಂದು ಸಲ ಗೋಡೆಯ ಈಚೆಯಿಂದ ನಾನೇ ಕೇಳಿದ್ದೆ. "ಅಣ್ಣಾ, ಹೂ ಮುಗೀತಲ್ಲ, ಗೆಡ್ಡೆ ಕಿತ್ತು ಒಳಗಿಡಲ್ವಾ? ಪಟ್ಟಣದ ಪಾರ್ಕಲ್ಲಿ ವರ್ಷಾ ವರ್ಷಾ ಕೀಳ್ತಾರಂತೆ."

"ಅವು ಪಟ್ಟಣದವು, ಮಾಸ್ತುರಾ. ಇವನ್ನ ಗುಲಂದಾಮ್ ಮದುವೆಯಾಗಿ ಬರೋವಾಗ ಮೇಲಿನ ಹಳ್ಳಿಯಿಂದ ಸೆರಗಲ್ಲಿ ಕಟ್ಕೊಂಡು ಬಂದಿದ್ಲು. ಹೂತಿದ್ದೂ ಅವಳೇ. ಇದ್ದಲ್ಲೇ ಇರ್ಲಿ." ಬಾಡಿದ ಎಲೆಗಳನ್ನು ಆರಿಸುತ್ತ, "ಅವಳು ಹೋದ್ಲು. ಇವು ಮಾತ್ರ ತಪ್ಪಿಸ್ದೆ ಎದ್ದು ಬರ್ತವೆ" ಎಂದರು.

ನೀರಿನ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹತ್ತಿ ಬೆಳೆಯುವ ಬಯಲುಸೀಮೆಯಿಂದ ಬಂದ ಸೊಸೆ ನಾನು. ನೀರು ಕಂಡರೆ ಚಿಗುರದ ಗಿಡವಿಲ್ಲ ಎಂದು ತಿಳಿದು ಬೆಳೆದವಳು.

ಆಮೇಲಿನ ಜುಲೈಯಲ್ಲಿ ಅಣ್ಣ ತೂಬಿನ ಕಟ್ಟೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಪಟ್ಟಣದ ಆಸ್ಪತ್ರೆ, ನಲವತ್ತು ದಿನ. ಊರು ಬೇರೆ ನೀರುಗಂಟಿಯನ್ನು ಗೊತ್ತುಮಾಡಿತು. ಹೊಸಬ ಬಂದ ವಾರಕ್ಕೇ ನಾಲ್ಕು ಜಗಳ, ಒಂದು ತಲೆ ಒಡೆತ. ಆಗ ಎಲ್ಲರಿಗೂ ಹಳಬರ ಬೆಲೆ ತಿಳಿಯಿತು.

ಹೆಂಗಸರೆಲ್ಲ ತಂದೂರಿನ ಬಳಿ ರೊಟ್ಟಿ ಬಡಿಯುತ್ತ ಕೂತಿದ್ದಾಗ ಬಾಯಿ ಹಾಕಿದವಳು ನಾನೇ. "ಮೂವತ್ತು ವರ್ಷ ಆ ಮನುಷ್ಯ ತನ್ನ ಅಂಗಳಕ್ಕೆ ಒಂದು ಹನಿ ಬಿಟ್ಕೊಳ್ಲಿಲ್ಲ. ನಾವು ನಮ್ಮ ಪಾಳಿಯಿಂದ ಕಾಲು ಗಂಟೆ ಬಿಟ್ರೆ ಸತ್ತು ಹೋಗ್ತೀವಾ?"

ನೋರ್ಬೂವಿ ಅಜ್ಜಿಯ ನಾಲಿಗೆ ಊರಿಗೇ ಹೆಸರುವಾಸಿ. "ನನ್ನ ಮದುವೇಲಿ ನನ್ನಪ್ಪನೇ ಇಷ್ಟು ಕೊಟ್ಟಿರ್ಲಿಲ್ಲ ಕಣೇ" ಎಂದು ಗೊಣಗಿದಳು. ಆದರೆ ಮೊದಲು ನೀರು ಬಿಟ್ಟವಳೂ ಅವಳೇ. ನಮ್ಮಲ್ಲಿ ಒಬ್ಬರು ತಮ್ಮ ಪಾಳಿಯ ನೀರನ್ನು ಇನ್ನೊಬ್ಬರಿಗೆ ಬಿಡುವುದೆಂದರೆ ಸಣ್ಣ ಮಾತಲ್ಲ, ಸಂಬಂಧಿಕರೂ ಬಿಡುವುದಿಲ್ಲ. ಎಂಬತ್ತಾರು ಮನೆಯವರೂ ಬಿಟ್ಟರು. ಆ ಅಂಗಳಕ್ಕೆ ವಾರಕ್ಕೆರಡು ಸಲ ನೀರು ಹಾಯಿತು. ಮಡಿ ಕಟ್ಟಿ, ಒಂದು ಮೂಲೆಯೂ ಒಣಗಿರದ ಹಾಗೆ ನೋಡಿಕೊಂಡವಳು ನಾನು. ಎಷ್ಟು ಹೆಮ್ಮೆಯಿತ್ತು ನನಗೆ!

ತಾನೊಂದು ಬಗೆದರೆ ದೈವ ಒಂದು ಬಗೆಯಿತು ಎನ್ನುತ್ತಾರೆ. ನಾನು ದೈವವನ್ನು ದೂರುವುದಿಲ್ಲ. ಅದರ ಪಾಡಿಗೆ ಬಿಟ್ಟಿದ್ದರೆ ಎಲ್ಲ ಸರಿಯಾಗಿಯೇ ಇತ್ತು.

ಅಣ್ಣ ಊರುಗೋಲು ಹಿಡಿದು ಕಾರಿನಿಂದ ಇಳಿದ ದಿನ ಬೀದಿಯ ಜನವೆಲ್ಲ ಅವರ ಅಂಗಳದಲ್ಲಿತ್ತು. ನೆಲ ಹಸಿಹಸಿ, ಮೊಣಕಾಲೆತ್ತರ ಹುಲ್ಲು. "ನೋಡೋ ಹಮ್ರೊಕುಲ್, ನಿನ್ನ ಮರಳುಗಾಡು ಹೇಗಾಗಿದೆ!" ಎಂದಳು ಅಜ್ಜಿ. ಅಣ್ಣ ನೋಡಿದರು. ಬಹಳ ಹೊತ್ತು ನೋಡಿದರು. ಊರುಗೋಲಿನ ತುದಿಯನ್ನು ಹಸಿ ಮಣ್ಣಿಗೆ ಒತ್ತಿ ನೋಡಿದರು, ಜಾರದಿರಲಿ ಎಂದು ಇರಬೇಕು ಅಂದುಕೊಂಡೆವು.

"ಯಾರು ಬಿಟ್ಟಿದ್ದು?" ಎಂದರು.

"ಎಲ್ರೂ!" ಎಂದೆವು.

ಆಮೇಲೆ ಅವರು ಜಗಲಿಯ ಮೇಲೆ ನಮ್ಮ ನಡುವೆ ಕೂತು ಚಹಾ ಕುಡಿದರು. ಈಗ ನೀರುಗಂಟಿಯಲ್ಲವಲ್ಲ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಮೂರು ಬಟ್ಟಲು. ಕಣ್ಣಲ್ಲಿ ನೀರಿತ್ತು. ನಾವೂ ಅತ್ತೆವು, ಸಂತೋಷಕ್ಕೆ.

ಹಿಮ ಕರಗಿ ಏಪ್ರಿಲ್ ಬಂತು. ಬೆಟ್ಟ ಕೆಂಪಾಯಿತು. ನಾನು ದಿನಾ ಗೋಡೆಯಾಚೆ ಇಣುಕಿದೆ. ನಲವತ್ತು ಗೆಡ್ಡೆಗಳಲ್ಲಿ ಒಂದರ ಎಲೆಯೂ ನೆಲ ಬಿಟ್ಟು ಏಳಲಿಲ್ಲ. ಹನ್ನೆರಡನೆಯ ದಿನ ತಡೆಯಲಾರದೆ ಒಳಗೆ ಹೋದೆ.

"ಅಣ್ಣಾ, ಹೂ ಯಾಕೆ ಬರ್ಲಿಲ್ಲ?"

"ವಯಸ್ಸಾಯ್ತು ಅವಕ್ಕೆ."

"ಸುಳ್ಳು ಹೇಳ್ಬೇಡಿ. ಹೋದ ವರ್ಷ ನಾನೇ ನೋಡಿದ್ದೆ."

ಅವರು ಊರುಗೋಲಿನಿಂದ ಮಣ್ಣು ಕೆದಕಿದರು. "ಬೇಸಿಗೇಲಿ ಅವು ಮಲಗಿರ್ತವೆ, ತಂಗಿ. ಬೆಟ್ಟದ ಗೆಡ್ಡೆ. ಕಾದ ಒಣಮಣ್ಣಲ್ಲೇ ಮಲಗ್ಬೇಕು. ನೀರು ಬಿದ್ರೆ ಕೊಳೀತವೆ. ಸಾಯೋ ಮುಂಚೆ ಗುಲಂದಾಮ್ ಹೇಳಿದ್ಲು, 'ಊರಿಗೆಲ್ಲ ನೀರು ಹಾಯಿಸು, ನನ್ನ ಹೂವಿಗೆ ಮಾತ್ರ ಬೇಡ' ಅಂತ. ಆಸ್ಪತ್ರೆಯಿಂದ ಬಂದ ವಾರವೇ ಅಗೆದು ನೋಡ್ದೆ. ಕೈಗೆ ಬರೀ ಲೋಳೆ ಸಿಕ್ತು."

ಬೆಟ್ಟದಿಂದ ಬೇರೆ ಗೆಡ್ಡೆ ತಂದುಕೊಡುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದರು. ಹಾಗಾದರೆ ಊರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಆಗ ಮಾತ್ರ ಅವರು ನನ್ನ ಕೈ ಹಿಡಿದುಕೊಂಡರು.

"ಯಾರಿಗೂ ಹೇಳ್ಬೇಡ, ಮಾಸ್ತುರಾ. ಈ ಊರು ನಂಗೆ ಅಂತ ಕೊಟ್ಟಿದ್ದು ಆ ನೀರೊಂದೇ. ಅದೂ ಇಲ್ದೆ ಹೋದ್ರೆ ನಂಗೇನು ಉಳೀತು?"

ಹೊರಡುವಾಗ ಕಾಮಕಸ್ತೂರಿ ಬೀಜವಿದ್ದರೆ ಕೊಡು ಎಂದರು. ಕೊಟ್ಟೆ.

ಈಗ ಆ ಅಂಗಳಕ್ಕೆ ಪಾಳಿ ಗಟ್ಟಿಯಾಗಿದೆ. ಶುಕ್ರವಾರ ಶುಕ್ರವಾರ ಅಣ್ಣ ತಾವೇ ಗುದ್ದಲಿಯಿಂದ ಬದು ತೆರೆದು ನೀರು ಬಿಟ್ಟುಕೊಳ್ಳುತ್ತಾರೆ. ಕಾಮಕಸ್ತೂರಿ ಸೊಂಪಾಗಿ ಬೆಳೆದಿದೆ. ಬೀದಿಯ ಹೆಂಗಸರು ಬಂದು ಕಿವಿಗೊಂದು ಕುಡಿ ಸಿಕ್ಕಿಸಿಕೊಂಡು, ಚಹಾ ಕುಡಿದು ಹೋಗುತ್ತಾರೆ. "ಮುಂಚೇನೇ ನೀರು ಬಿಟ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಹುಚ್ಚಪ್ಪ!" ಎಂದು ನೋರ್ಬೂವಿ ಅಜ್ಜಿ ರೇಗಿಸುತ್ತಾಳೆ. ಅವರು ನಗುತ್ತಾರೆ.

ಬೆಟ್ಟ ಕೆಂಪಾಗುವ ಆ ಹತ್ತು ದಿನ ಮಾತ್ರ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಯಾರಾದರೂ ತಟ್ಟಲು ಬಂದರೆ ನಾನು ಗೋಡೆಯ ಈಚೆಯಿಂದಲೇ, "ಅಣ್ಣಂಗೆ ಸೊಂಟನೋವು, ಆಮೇಲೆ ಬನ್ನಿ" ಎಂದು ಕೂಗಿ ಕಳಿಸಿಬಿಡುತ್ತೇನೆ.