ಎಲ್ಲಕ್ಕಿಂತ ನಿಧಾನದ ಡ್ರೈವ್

ಚಾಚಾನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಬೆರಳುಗಳವು. ಬೆಳ್ಳಗೆ, ನುಣ್ಣಗೆ, ಸದಾ ಈಗತಾನೇ ನೀರಿನಿಂದ ತೆಗೆದ ಹಾಗೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಎಂದೂ ಒಪ್ಪಲಿಲ್ಲ. ರಿಪೇರಿಗೆ ಬಂದ ಲ್ಯಾಪ್‌ಟಾಪುಗಳ ಬೆರಳಚ್ಚಿನ ಗುಂಡಿಯೂ ಅಷ್ಟೇ, ಅವರು ಒತ್ತಿದರೆ ಯಾರೂ ಮುಟ್ಟಲೇ ಇಲ್ಲ ಎನ್ನುವಂತೆ ಸುಮ್ಮನಿರುತ್ತಿತ್ತು. “ಮಿಷನ್ನಿನ ಪ್ರಕಾರ ನಾನು ಇಲ್ವೇ ಇಲ್ಲ ಕಣವ್ವಾ” ಎಂದು ನಗುತ್ತಿದ್ದರು. ಆ ಮಾತು ನನಗೆ ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ.

ನನ್ನದು ರಾಮನಗರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಸಣ್ಣ ಸ್ಟುಡಿಯೊ. ತಾಳ್ಮೆ ಹಂಚುವಾಗ ದೇವರು ನನ್ನ ಸರದಿಗೆ ಕೈ ಬಿಗಿ ಹಿಡಿದುಬಿಟ್ಟಿದ್ದಾನೆ. ಹೊಸ ಲ್ಯಾಪ್‌ಟಾಪ್ ತಂದ ವರ್ಷ, ಡಬ್ಬದ ಮೇಲೆ ಬರೆದಿದ್ದ ವೇಗಕ್ಕೂ ಅದು ಓಡುತ್ತಿದ್ದ ವೇಗಕ್ಕೂ ಸಂಬಂಧವೇ ಇರಲಿಲ್ಲ. ಒಂದು ಧಾರೆಯ ದೃಶ್ಯ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಆರಿ ಕೆನೆ ಕಟ್ಟುತ್ತಿತ್ತು. ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಬ್ಬ ಚಾಚಾ ಇದ್ದಾರೆ, ಯಾವ ಡ್ರೈವಿನ ಯೋಗ್ಯತೆ ಎಷ್ಟು ಅಂತ ಅವರಷ್ಟು ಚೆನ್ನಾಗಿ ಹೇಳುವವರಿಲ್ಲ ಎಂದು ಯಾರೋ ಹೇಳಿದರು. ಜಗಳಕ್ಕೆ ತಯಾರಾಗಿಯೇ ಹೋದೆ, ಯಾರ ಮೇಲೆ ಅಂತ ಗೊತ್ತಿಲ್ಲದಿದ್ದರೂ.

ಮಧ್ಯಾಹ್ನದ ಹೊತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಚರಕ ತಿರುಗುವ ಸದ್ದು, ನೀರು ಕುದಿಯುವ ಸದ್ದು, ಒಬ್ಬ ಹೆಂಗಸು ಸಣ್ಣಗೆ ಗುನುಗುವ ಸದ್ದು ಕೇಳಿಸಿತು. ಇದಿನ್ನೂ ನೂಲು ಬಿಚ್ಚುವ ಮನೆ, ತಪ್ಪು ಬಾಗಿಲಿಗೆ ಬಂದೆ ಅಂದುಕೊಂಡೇ ಒಳಗೆ ಕಾಲಿಟ್ಟೆ. ಗೋಡೆಯುದ್ದಕ್ಕೂ ಇದ್ದ ತೊಟ್ಟಿಗಳು ಒಣಗಿ ಬಿರುಕು ಬಿಟ್ಟಿದ್ದವು. ಚರಕಗಳಿಗೆ ಗೋಣಿಚೀಲ ಹೊದಿಸಿತ್ತು. ಹೆಂಗಸು ಯಾರೂ ಇರಲಿಲ್ಲ. ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಿಂದ ಆ ಸದ್ದೆಲ್ಲ ಬರುತ್ತಿತ್ತು, ಅದರೆದುರು ಬಿಳಿ ಗಡ್ಡದ ಮುದುಕರೊಬ್ಬರು ಕೈಗಡಿಯಾರ ನೋಡುತ್ತ ಕೂತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು. ಪರದೆಯಲ್ಲಿ ಹಬೆಯ ನಡುವೆ ಒಬ್ಬ ಹೆಂಗಸಿನ ಬೆನ್ನು. ತಲೆಯ ಮೇಲೆ ಸೆರಗು, ತೊಟ್ಟಿಯಲ್ಲಿ ಆಡುವ ಕೈ. ಸ್ವಲ್ಪ ಹೊತ್ತಿಗೆ ಯಾರೋ ಕರೆದಂತೆ ಅವಳು ಗುನುಗುವುದನ್ನು ನಿಲ್ಲಿಸಿ ನಮ್ಮ ಕಡೆಗೆ ತಿರುಗತೊಡಗಿದಳು. ಒಂದು ಕಿವಿ, ಒಂದು ಓಲೆ, ಕೆನ್ನೆಯ ಅಂಚು ಕಂಡಿತು. ಅಲ್ಲಿಗೆ ಚಿತ್ರ ನಿಂತುಹೋಯಿತು. ಚಾಚಾ ಎದ್ದು ನೀಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹದಿನಾಲ್ಕು ನಿಮಿಷ ಅಂತ ಬರೆದು, “ಈಗ ಹೇಳವ್ವಾ” ಅಂದರು. ನನಗೆ ಜಗಳವೇ ಮರೆತುಹೋಗಿತ್ತು.

ಅವರ ಪರೀಕ್ಷೆ ಸರಳ. ಕಂಪನಿಯವರ ಅಂಕಿ, ಇಂಟರ್ನೆಟ್ಟಿನ ಪಟ್ಟಿ ಯಾವುದನ್ನೂ ನಂಬುತ್ತಿರಲಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದ ಮೇಲೆ ನಿಜಕ್ಕೂ ಕೆಲಸ ಶುರು ಮಾಡಲು ಎಷ್ಟು ಹೊತ್ತು? ‘ಘರ್’, ಅಂದರೆ ಮನೆ, ಎಂಬ ಹೆಸರಿನ ಅದೇ ಒಂದು ದೊಡ್ಡ ಫೋಲ್ಡರನ್ನು ಕಾಪಿ ಮಾಡಲು ಎಷ್ಟು ಹೊತ್ತು? ಡ್ರೈವ್ ಮುಕ್ಕಾಲು ತುಂಬಿದ ಮೇಲೆ ಅದೇ ಕೆಲಸಕ್ಕೆ ಎಷ್ಟು ಹೊತ್ತು? ಕೊನೆಗೆ ಆ ಫೋಲ್ಡರಿನೊಳಗಿನ ವಿಡಿಯೊ ತಡವರಿಸದೆ ಓಡುತ್ತದೆಯೇ? ಅಷ್ಟೇ. ಎಲ್ಲ ಡ್ರೈವಿಗೂ ಅದೇ ಫೋಲ್ಡರು, ಅದೇ ಗಡಿಯಾರ. “ಡಬ್ಬದ ಮೇಲೆ ಬರ್ದಿರೋದು ಹೆಣ್ಣು ನೋಡಕ್ಕೆ ಬಂದಾಗ ಉಟ್ಕಂಡ ಬಟ್ಟೆ ಕಣವ್ವಾ. ಮನ್ಯಾಗೆ ಹೆಂಗಿರ್ತದೆ ಅನ್ನೋದು ಬ್ಯಾರೆ.” ಡಿಸ್ಕು ತಿರುಗದ ಹೊಸ ಬಗೆಯ ಅಗ್ಗದ ಎಸ್‌ಎಸ್‌ಡಿಗಳನ್ನು ಕಂಡರೆ ಅವರಿಗೆ ನಗು. ಮೊದಲ ಎರಡು ನಿಮಿಷ ಕುದುರೆ, ಆಮೇಲೆ ಎಮ್ಮೆ ಅನ್ನುತ್ತಿದ್ದರು. ಗೋಡೆಯ ಮೇಲೆ ಬರೆದಿಟ್ಟ ಲೆಕ್ಕ ನೋಡಿದರೆ ಅದು ನಿಜವೇ ಆಗಿತ್ತು.

ಇನ್ನೊಂದು ಅಭ್ಯಾಸವಿತ್ತು. ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವವರು ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಹೇಗಿದೆ ಅಂತ ಸದ್ದಿನಲ್ಲೇ ತಿಳಿಯುತ್ತಾರಲ್ಲ, ಹಾಗೆ ಚಾಚಾ ಬಿಚ್ಚಿಟ್ಟ ಹಾರ್ಡ್ ಡಿಸ್ಕನ್ನು ಕಿವಿಗಿಟ್ಟು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಆಮೇಲೆ ಕರೆಂಟು ಕೊಟ್ಟು ಆ ಗೆರೆಯಿಲ್ಲದ ಬೆರಳನ್ನು ಅದರ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ತಿರುಗುವ ಡಿಸ್ಕು ಸಾಯುವ ಮುಂಚೆ ಕಟಕಟ ಅಂತ ಕೂಗಿ ಹೇಳುತ್ತದೆ, ಎಸ್‌ಎಸ್‌ಡಿ ಹೇಳದೆ ಕೇಳದೆ ಹೋಗಿಬಿಡುತ್ತದೆ ಎನ್ನುವುದು ಅವರ ದೂರು. ಎಷ್ಟೋ ಸಲ ಬೆರಳು ತೆಗೆದು, “ಎಂಟು ದಿನ ಐತೆ, ಒಳಗಿರೋದನ್ನ ತಕ್ಕೋ” ಅಂದಿದ್ದಾರೆ. ನನ್ನ ನೆನಪಿನಲ್ಲಿ ಒಮ್ಮೆಯೂ ತಪ್ಪಾಗಲಿಲ್ಲ.

ವರ್ಷಗಟ್ಟಲೆ ಹೋಗಿ ಬಂದೆ. ನನ್ನ ಡ್ರೈವುಗಳನ್ನೆಲ್ಲ ಅವರೇ ಆರಿಸಿ ಕೊಟ್ಟರು, ಒಂದು ಮದುವೆಯೂ ಕಳೆದುಹೋಗಲಿಲ್ಲ. ಪರದೆಯ ಹೆಂಗಸು ಅವರ ಹೆಂಡತಿ, ತೀರಿಕೊಂಡಿದ್ದಾರೆ ಅಂತ ಅಕ್ಕಪಕ್ಕದವರಿಂದ ತಿಳಿದಿತ್ತು. ಆ ಸದ್ದಿಗೆ ಹೊಂದಿಕೊಂಡೆ. ಆ ಅರ್ಧ ಮುಖಕ್ಕೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ. ಚಿತ್ರ ನಿಲ್ಲುವ ಕ್ಷಣದಲ್ಲಿ ಬೇಕೆಂದೇ ಗೋಡೆ ನೋಡುತ್ತಿದ್ದೆ. ಈ ಸಲ ಪೂರ್ತಿ ತಿರುಗಿಬಿಟ್ಟರೆ ಅನ್ನುವ ಹೆದರಿಕೆ, ಯಾರ ಹತ್ತಿರ ಹೇಳಿಕೊಳ್ಳುವುದು?

ಒಮ್ಮೆ ಚನ್ನಪಟ್ಟಣದ ಬೊಂಬೆ ಮಾಡುವವರೊಬ್ಬರು ಅಳಿಸಿಹೋದ ಫೋಟೊಗಳನ್ನು ತೆಗೆದುಕೊಡಿ ಅಂತ ನನ್ನಲ್ಲಿಗೆ ಲ್ಯಾಪ್‌ಟಾಪ್ ತಂದರು. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ನನ್ನ ಹತ್ತಿರ ಇತ್ತು. ಬೊಂಬೆಗಳ ಚಿತ್ರಗಳ ನಡುವೆ ಒಂದು ವಿಡಿಯೊ ಬಂತು. ತೆರೆದರೆ ಹಬೆ, ಚರಕ, ಆ ಬೆನ್ನು. ನನ್ನ ಸ್ಟುಡಿಯೊದಲ್ಲಿ ಒಬ್ಬಳೇ ಇದ್ದೆ, ಹಾಡುಹಗಲು, ಆದರೂ ಎದ್ದು ಬಾಗಿಲು ಪೂರ್ತಿ ತೆರೆದಿಟ್ಟೆ. ತಿಂಗಳೊಪ್ಪತ್ತಿನಲ್ಲಿ ಕನಕಪುರದಿಂದ ಬಂದ ಇನ್ನೊಂದು ಡ್ರೈವಿನ ಅಡಿಯಲ್ಲೂ ಅವಳೇ ಸಿಕ್ಕಳು. ಚಾಚಾ ಪರೀಕ್ಷೆ ಮಾಡಿ ಅಳಿಸುತ್ತಿದ್ದರು, ಅಳಿಸಿದ್ದು ಅಡಿಯಲ್ಲಿ ಉಳಿಯುತ್ತಿತ್ತು. ಈ ಸುತ್ತಲ ಊರುಗಳಲ್ಲಿ ಅವರ ಕೈ ದಾಟಿ ಹೋದ ಎಷ್ಟು ಲ್ಯಾಪ್‌ಟಾಪುಗಳ ಒಳಗೆ ಆ ಹೆಂಗಸು ಬೆನ್ನು ಹಾಕಿ ಕೂತಿರಬಹುದು ಅಂತ ಲೆಕ್ಕ ಹಾಕತೊಡಗಿದೆ.

ಮಾರನೇ ದಿನವೇ ಹೋಗಿ ಕೇಳಿದೆ. ನನಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ. ಪರೀಕ್ಷೆಗೆ ಬೇರೆ ವಿಡಿಯೊ ಸಿಗಲಿಲ್ಲವೇ ಎಂದೆ. ಚಾಚಾ ಟೀ ಲೋಟ ಕೆಳಗಿಟ್ಟು, ಆ ವಿಡಿಯೊದ ಒಂದೊಂದು ಗಳಿಗೆಯೂ ತಮಗೆ ಗೊತ್ತು, ಯಾವ ಡ್ರೈವ್ ಒಂದು ಚೂರು ತಡವರಿಸಿದರೂ ಕಣ್ಣಿಗೆ ಬೀಳುತ್ತದೆ ಅಂದರು. ಅದು ಅರ್ಧ ಸತ್ಯ ಅಂತ ನನಗೆ ಅನ್ನಿಸಿತು, ಜಾಗ ಬಿಟ್ಟು ಏಳಲಿಲ್ಲ. ಆಮೇಲೆ ಉಳಿದರ್ಧ ಹೇಳಿದರು.

ಅವಳು ತೀರಿಕೊಳ್ಳುವ ಮೂರು ತಿಂಗಳ ಮುಂಚೆ ಫೋನಿನಲ್ಲಿ ತೆಗೆದ ವಿಡಿಯೊ ಅದು. ಆ ಫೋನು ಕೆಟ್ಟಿತು. ವಿಡಿಯೊ ಅವರ ಮೊದಲ ಲ್ಯಾಪ್‌ಟಾಪಿನಲ್ಲಿ ಉಳಿಯಿತು, ಅದೋ ಮಹಾ ನಿಧಾನ. ಹೊಸ ಡ್ರೈವಿಗೆ ಕಾಪಿ ಮಾಡುವಾಗ ಕರೆಂಟು ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪು, ಅದೂ ಆರಿಹೋಯಿತು. ಮತ್ತೆ ಶುರು ಮಾಡಿದಾಗ, ಈ ಹೆಸರಿನ ಫೈಲು ಆಗಲೇ ಇದೆ, ಏನು ಮಾಡಲಿ ಅಂತ ಕೇಳಿತು. ಇದ್ದದ್ದು ಇರಲಿ, ಮುಂದಕ್ಕೆ ಹೋಗು ಅಂತ ಒತ್ತಿದರು. ನೂಲು ಬಿಚ್ಚುವವರ ಕೈ ಅದು. ತೊಟ್ಟಿಯಲ್ಲಿ ಎಳೆ ಕಡಿದರೆ ಯಾರೂ ಮೊದಲಿಂದ ಬಿಚ್ಚುವುದಿಲ್ಲ. ಇನ್ನೊಂದು ಗೂಡಿನ ತುದಿ ತಂದು ತಗುಲಿಸಿದರೆ ನೂಲು ತಾನೇ ಹಿಡಿದುಕೊಂಡು ಮುಂದೆ ಓಡುತ್ತದೆ. ಇದೂ ಹಾಗೇ ಕೂಡಿಕೊಂಡಿತು ಅಂದುಕೊಂಡರು. ಫೈಲಿನ ಅಳತೆಯೂ ಸರಿಯಾಗಿಯೇ ತೋರಿಸುತ್ತಿತ್ತು. ಕೊನೆಯ ನಲವತ್ತು ಸೆಕೆಂಡು ಮಾತ್ರ ಒಳಗೆ ಬರೀ ಖಾಲಿ. ಅದು ಗೊತ್ತಾಗುವ ಹೊತ್ತಿಗೆ ತೊಟ್ಟಿಯ ನೀರು ಚೆಲ್ಲುವಂತೆ ಹಳೆಯದನ್ನು ಅಳಿಸಿ, ಆ ಲ್ಯಾಪ್‌ಟಾಪನ್ನು ಯಾರಿಗೋ ಮಾರಿ ಮಾಗಡಿ ಬಸ್ಸಿಗೆ ಹತ್ತಿಸಿಯಾಗಿತ್ತು.

“ತಿರುಗಿ ಏನೋ ಅಂದ್ಲು. ನಾನು ನಕ್ಕೆ. ನಕ್ಕಿದ್ದು ಗ್ಯಾಪ್ಕ ಐತೆ, ಏನಂದ್ಲು ಅನ್ನೋದು ಹೊಂಟೋಗೈತೆ” ಅಂದರು ಚಾಚಾ. “ಅದೊಂದು ಮಾತು ಸಿಕ್ಬುಟ್ರೆ ಸಾಕು ಬೇಟಿ.”

ಆಗ ಅರ್ಥವಾಯಿತು. ಬಂದ ಹಳೆಯ ಡ್ರೈವಿಗೆಲ್ಲ ತಮ್ಮ ಫೋಲ್ಡರ್ ತುಂಬುವ ಮುಂಚೆ ಅದು ಮಾರಿಹೋದ ಆ ಡ್ರೈವೇ ಇರಬಹುದೆಂದು ಅವರು ಅದರ ಅಡಿಯನ್ನು ಹುಡುಕುತ್ತಿದ್ದರು. ಡ್ರೈವುಗಳ ಈ ಹೋಲಿಕೆ, ಈ ಗೋಡೆ, ಸುತ್ತಲ ಊರಿನವರೆಲ್ಲ ಡ್ರೈವ್ ಹೊತ್ತು ಇವರಲ್ಲಿಗೇ ಬರುವಂತೆ ಸಂಪಾದಿಸಿದ ಹೆಸರು, ಎಲ್ಲವೂ ಆ ನಲವತ್ತು ಸೆಕೆಂಡಿಗಾಗಿ. ನನಗೆ ಅಳು ಬಂತು. ಅವರೆದುರು ಅಳುವುದು ಬೇಡ ಅಂತ ಕರೆಂಟಿನವರನ್ನು ಚೆನ್ನಾಗಿ ಬೈದೆ.

ಹೋದ ವರ್ಷ ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ ಒಂದು ಗೃಹಪ್ರವೇಶದ ವಿಡಿಯೊ ಮಾಡಲು ಹೋಗಿದ್ದೆ. ಮನೆಯಾಕೆ ಬೀರುವಿನಿಂದ ಒಂದು ಹಳೇ ಲ್ಯಾಪ್‌ಟಾಪ್ ತೆಗೆದು, ಒಳಗೆ ಮಗುವಿನ ಫೋಟೊ ಇವೆ, ತೆಗೆದುಕೊಡಿ ಎಂದರು. “ಭಾಳ ಸ್ಲೋ ಅಂತ ಮಡಗಿಬುಟ್ಟಿದ್ದೋ. ಕೊಂಡ ಮ್ಯಾಕೆ ಒಸಿ ದಿನ ಬಳಸಿದ್ದಷ್ಟೇಯ” ಎಂದರು. ಸ್ಟುಡಿಯೊದಲ್ಲಿ ಸಾಫ್ಟ್‌ವೇರ್ ಹಾಕಿದೆ. ಇಡೀ ಮಧ್ಯಾಹ್ನ ತೆಗೆದುಕೊಂಡಿತು. ಪಟ್ಟಿಯ ಕೊನೆಯಲ್ಲಿ ‘ಘರ್’ ಅಂತ ಇತ್ತು. ಯಾವುದೋ ಹಳೇ ಪರೀಕ್ಷೆಯದ್ದು ಇರಬೇಕು ಅಂತ ತೆರೆದೆ. ಹಬೆ, ಚರಕ, ಬೆನ್ನು. ಗುನುಗು ನಿಂತಿತು. ಕಿವಿ, ಓಲೆ, ಕೆನ್ನೆ. ನಾನು ಗೋಡೆಯ ಕಡೆ ನೋಡಲು ಮರೆತಿದ್ದೆ. ಕೆನ್ನೆ ನಿಲ್ಲಲಿಲ್ಲ, ಮೂಗು ಬಂತು, ಕಣ್ಣು ಬಂತು, ಅವಳು ನೇರ ನನ್ನನ್ನೇ ನೋಡಿದಳು. ಪಟ್ಟನೆ ಮುಚ್ಚಳ ಮುಚ್ಚಿಬಿಟ್ಟೆ. ಹೆದರಿಕೆಯಿಂದಲೂ ಹೌದು, ಆ ಮಾತು ನಾನು ಮೊದಲು ಕೇಳುವಂಥದ್ದಲ್ಲ ಅಂತಲೂ ಹೌದು.

ಡ್ರೈವ್ ಬಿಚ್ಚಿಕೊಂಡು ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಗೆ ಓಡಿದೆ. ಚಾಚಾ ಅದನ್ನು ಕಿವಿಗಿಟ್ಟು ಅಲ್ಲಾಡಿಸಿದರು. ವಿಡಿಯೊ ಪೂರ್ತಿ ಸಿಕ್ಕಿದೆ ಅಂತ ನಾನು ಹೇಳಿದರೂ ಅವಸರ ಮಾಡಲಿಲ್ಲ. ಸಿಕ್ಕಿದ್ದನ್ನು ಮೊದಲು ಬೇರೆ ಡ್ರೈವಿಗೆ ಇಳಿಸಿಕೊಂಡು, ಅದು ಸರಿಯಾಗಿ ಬಂದಿದೆಯೇ ಅಂತ ಎರಡು ಸಲ ನೋಡಿ, ಆಮೇಲೆ ಎಂದಿನಂತೆ ಪರೀಕ್ಷೆಯನ್ನೇ ಶುರು ಮಾಡಿದರು. ನನಗೆ ತಲೆ ಕೆಟ್ಟುಹೋಯಿತು, ಮೊದಲು ವಿಡಿಯೊ ನೋಡಿ ಅಂತ ಬೈದೆ. ಅವರು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಎರಡು ಗಂಟೆಯ ಮೇಲೆ ಗೋಡೆಯ ಮೇಲೆ ಬರೆದರು: ನೂರ ಮೂವತ್ತೊಂದು ನಿಮಿಷ. ಇಡೀ ಗೋಡೆಯಲ್ಲಿ ಅಷ್ಟು ನಿಧಾನದ್ದು ಇನ್ನೊಂದಿರಲಿಲ್ಲ. “ನಿಧಾನ ಇದ್ದಿದ್ದಕ್ಕೇ ಉಳ್ಕಂಡೈತೆ. ಜೋರಾಗಿ ಓಡೋದಾಗಿದ್ರೆ ದಿನಾ ಬಳಸಿ ಇವಳ ಮ್ಯಾಲೆ ಬ್ಯಾರೆ ಏನೇನೋ ತುಂಬ್ಬುಡೋರು.”

ಆಮೇಲೆ ವಿಡಿಯೊ ಹಾಕಿದರು. ಅವಳು ತಿರುಗಿದಳು. ದುಂಡು ಮುಖ, ಹಬೆಗೆ ಕೆಂಪಾದ ಕಣ್ಣು, ತುಟಿಯಲ್ಲಿ ಹುಸಿಮುನಿಸು. ಉರ್ದುವಿನಲ್ಲಿ ಒಂದು ಮಾತು ಹೇಳಿದಳು. ವಿಡಿಯೊ ತೆಗೆಯುತ್ತಿದ್ದವರ ನಗು ಕೇಳಿಸಿತು, ಮುಗಿಯಿತು. ನಾನು ಕೇಳದಿದ್ದರೂ ಚಾಚಾ ಅದನ್ನು ಕನ್ನಡದಲ್ಲಿ ಹೇಳಿದರು: “ಅದನ್ನ ಇಟ್ಬುಟ್ಟು ಬನ್ನಿ, ಎಷ್ಟೊತ್ತು ಅಂತ ನೋಡ್ತಾ ನಿಂತಿರ್ತೀರ, ಅಂತಾವ್ಳೆ.”

ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಆ ಬೆರಳುಗಳ ತಣ್ಣಗಿನ ನುಣುಪು ಈಗಲೂ ನೆತ್ತಿಯ ಮೇಲಿದೆ.

ಮೂರನೇ ದಿನ ಮಧ್ಯಾಹ್ನ ಒಂದು ಡ್ರೈವ್ ಕೊಡಲು ಹೋದೆ. ಚರಕದ ಸದ್ದು ಬೀದಿಗೇ ಕೇಳಿಸುತ್ತಿತ್ತು. ಚಾಚಾ ಕುರ್ಚಿಯಲ್ಲಿ ಕೂತಿದ್ದರು, ಕಣ್ಣು ಮುಚ್ಚಿತ್ತು. ಮುಟ್ಟಿದೆ, ತಣ್ಣಗಿತ್ತು, ಅವರ ಕೈ ಯಾವಾಗಲೂ ತಣ್ಣಗೇ ಇರುತ್ತಿದ್ದುದರಿಂದ ತಿಳಿಯಲು ಕೊಂಚ ಹೊತ್ತು ಹಿಡಿಯಿತು. ಡಾಕ್ಟರು ಹೃದಯ ನಿಂತಿದೆ, ನಿದ್ದೆಯಲ್ಲಿ ಹೋದಂತೆ ಹೋಗಿದ್ದಾರೆ ಎಂದರು. ಆದರೆ ಸ್ನಾನಕ್ಕೂ ಕಳಚುವುದಿಲ್ಲ ಎಂದು ಅವರೇ ಹೇಳುತ್ತಿದ್ದ ಆ ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ನೀಟಾಗಿ ಇಟ್ಟಿದ್ದರು. ವಿಡಿಯೊ ಮುಗಿದು ಮತ್ತೆ ಮೊದಲಿನಿಂದ ಓಡುತ್ತಿತ್ತು.

ನಾನು ಆ ಡ್ರೈವ್ ತರದಿದ್ದರೆ ಇನ್ನೂ ನಾಲ್ಕು ವರ್ಷ ಇರುತ್ತಿದ್ದರೇನೋ. ಈ ಯೋಚನೆ ನನ್ನನ್ನು ಬಿಟ್ಟಿಲ್ಲ. ತಂದದ್ದು ತಪ್ಪು ಅಂತಲೂ ಹೇಳಲಾರೆ.

ಈಗ ಡ್ರೈವುಗಳು ನನ್ನಲ್ಲಿಗೆ ಬರುತ್ತವೆ. ಯಾವುದು ಒಳ್ಳೆಯದು ಅಂತ ಜನ ಕೇಳುತ್ತಾರೆ. ಅದೇ ಫೋಲ್ಡರ್, ಅದೇ ಕೈಗಡಿಯಾರ. ಗಡಿಯಾರವನ್ನು ಅವರ ನೆಂಟರೇ ನನಗೆ ಕೊಟ್ಟರು. ಎಲ್ಲ ಮುಗಿದ ಮೇಲೆ ವಿಡಿಯೊ ಹಾಕುತ್ತೇನೆ, ಈಗ ಅದು ಪೂರ್ತಿಯಾಗಿಯೇ ಇದೆ. ಹಬೆ, ಚರಕ, ಬೆನ್ನು, ಕಿವಿ, ಓಲೆ, ಕೆನ್ನೆ. ಅವಳು ಬಾಯಿ ತೆರೆಯುವಷ್ಟರಲ್ಲಿ ನಿಲ್ಲಿಸಿಬಿಡುತ್ತೇನೆ. ನನಗಿನ್ನೂ ಕೆಲಸ ಇದೆ.